ಶಿರಾಜ್: ಕುಡಿಯುವ ಮೊದಲು ಮೂಸಿ

ಬಿಜೈಯ ನಮ್ಮ ಮನೆಯಲ್ಲಿ ಶಿರಾಜ್ ಎಂಬ ದ್ರಾಕ್ಷಿಯ ಕೆಂಪು ವೈನಿನ ಬಾಟಲಿಯನ್ನು ಊಟಕ್ಕೆ ಮುಕ್ಕಾಲು ಗಂಟೆ ಮೊದಲೇ ಫ್ರಿಜ್ಜಿನಲ್ಲಿ ಇಡುತ್ತೇನೆ. ಕೆಂಪು ವೈನನ್ನು ತಂಪು ಮಾಡಬಾರದು ಎನ್ನುವುದು ಚಳಿ ದೇಶದ ಮಾತು. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಹಾಗೇ ತೆರೆದರೆ ಆಲ್ಕೋಹಾಲಿನ ಘಾಟೊಂದೇ ಮೂಗಿಗೆ ಹೊಡೆಯುತ್ತದೆ. 16ರಿಂದ 18 ಡಿಗ್ರಿ ಇದ್ದರೆ ಹಿತ.

ಗ್ಲಾಸಿನ ಮೂರನೇ ಒಂದು ಭಾಗದಷ್ಟೇ ಸುರಿಯಿರಿ. ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ನೋಡಿ: ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ. ಎರಡು ಸುತ್ತು ತಿರುಗಿಸಿ ಮೂಸಿ. ಹಣ್ಣಿನ ಪರಿಮಳದ ಬೆನ್ನಿಗೇ ಬರುವುದು ನಮಗೆ ಚಿರಪರಿಚಿತ ಕಾಳುಮೆಣಸು! ಇದು ಬರೀ ಹೋಲಿಕೆಯಲ್ಲ. ಮೆಣಸಿಗೆ ಆ ಪರಿಮಳ ಕೊಡುವ ರೊಟಂಡೋನ್ ಎಂಬ ಸಂಯುಕ್ತವೇ ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಈ ದ್ರಾಕ್ಷಿಯ ತವರು ಫ್ರಾನ್ಸಿನ ಉತ್ತರ ರೋನ್ ಕಣಿವೆ. ಅಲ್ಲಿ ಇದನ್ನು ಸಿರಾ ಎನ್ನುತ್ತಾರೆ, ವೈನಿನಲ್ಲಿ ಮೆಣಸು ಎದ್ದು ಕಾಣುತ್ತದೆ. ಆಸ್ಟ್ರೇಲಿಯಾದ ಬರೋಸಾದ ಬಿಸಿಲಿನಲ್ಲಿ ಬೆಳೆದದ್ದಕ್ಕೆ ಮಾಗಿದ ಹಣ್ಣಿನ ರುಚಿ ಹೆಚ್ಚು, ಬಾಯಲ್ಲಿ ಮಂದವೆನಿಸುತ್ತದೆ.

ಬಂಗುಡೆಯ ಜೊತೆ ಬೇಡವೇ ಬೇಡ, ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ. ಕೋರಿ ರೊಟ್ಟಿಯ ಖಾರವನ್ನೂ ಇದು ಕೆರಳಿಸುತ್ತದೆ. ಒಣಮೆಣಸಿನಕಾಯಿ ಬಿಟ್ಟು, ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಹಾಕಿ ಹುರಿದ ಮಟನ್ ಮಾಡಿ. ಒಂದು ತುಂಡು ತಿಂದು, ಆಮೇಲೆ ಒಂದು ಗುಟುಕು ಕುಡಿಯಿರಿ.