ಸ್ಟಾರ್ ವಾರ್ಸ್ ಕಥೆಗಳಿಗೆ ಟೈಮ್‌ಲೈನ್ ಶೀಟ್ ಮಾಡಿಕೊಳ್ಳುವುದು ಹೇಗೆ

ಬರೀ ಸಿನಿಮಾ ನೋಡುವವರಿಗೆ ಸ್ಟಾರ್ ವಾರ್ಸ್ ಏನೂ ಕಷ್ಟವಿಲ್ಲ. ಅದರ ಜೊತೆಗೆ ಆನಿಮೇಷನ್ ಸೀರೀಸ್, ಕಾದಂಬರಿ, ಕಾಮಿಕ್ಸ್, ವಿಡಿಯೋ ಗೇಮ್ ಸೇರಿಕೊಂಡಾಗ ತಲೆ ಕೆಡುತ್ತದೆ. ಒಂದೇ ಘಟನೆ ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ. ಇದನ್ನು ಬಿಡಿಸಿಕೊಳ್ಳಲು ಒಂದು ಸ್ಪ್ರೆಡ್‌ಶೀಟ್ ಸಾಕು. ಆದರೆ ಅದರಲ್ಲಿ ಎರಡು ಕಾಲಗಳಿರಬೇಕು: ಕಥೆಯೊಳಗೆ ಘಟನೆ ನಡೆದ ವರ್ಷ ಮತ್ತು ಆ ಕಥೆ ಹೊರಬಂದ ತಾರೀಕು. ಹೆಚ್ಚಿನವರು ಮೊದಲನೆಯದನ್ನಷ್ಟೇ ಬರೆದುಕೊಂಡು ಸುಮ್ಮನಾಗುತ್ತಾರೆ. ಆಮೇಲೆ ಯಾವ ಪುಸ್ತಕ ಯಾವ ಸೀರೀಸ್‌ಗೆ ಯಾಕೆ ಹೊಂದುತ್ತಿಲ್ಲ ಎಂದು ಹುಡುಕಲು ಕೂತಾಗ ನಿಜವಾಗಿ ಬೇಕಾಗುವುದು ಎರಡನೆಯದು.

ಮೊದಲು ಕ್ಯಾನನ್ (ಅಧಿಕೃತ ಕಥೆ), ಲೆಜೆಂಡ್ಸ್ (ಅದರ ಹೊರಗಿಟ್ಟ ಹಳೆಯ ಕಥೆ) ಬೇರೆ ಮಾಡಿ

ಸ್ಟಾರ್ ವಾರ್ಸ್ ಮಾಡುವ ಕಂಪನಿ ಲ್ಯೂಕಾಸ್‌ಫಿಲ್ಮನ್ನು ಡಿಸ್ನಿ ಕೊಳ್ಳುವ ಸುದ್ದಿ ಬಂದದ್ದು 2012ರ ಅಕ್ಟೋಬರ್‌ನಲ್ಲಿ. 25 ಏಪ್ರಿಲ್ 2014ರಂದು ಲ್ಯೂಕಾಸ್‌ಫಿಲ್ಮ್ ಗೆರೆ ಎಳೆಯಿತು. ಅಲ್ಲಿಯವರೆಗಿನ ಆರು ಸಿನಿಮಾ ಮತ್ತು ಆನಿಮೇಷನ್‌ನ 'ದಿ ಕ್ಲೋನ್ ವಾರ್ಸ್' ಕ್ಯಾನನ್ ಆಗಿ ಉಳಿದವು. ಹಳೆಯ ಕಾದಂಬರಿ, ಕಾಮಿಕ್ಸ್, ಗೇಮ್‌ಗಳೆಲ್ಲ 'ಲೆಜೆಂಡ್ಸ್' ಎಂಬ ಪಟ್ಟಿಗೆ ಹೋದವು. ಹಾಗಾಗಿ ಶೀಟಿನ ಮೊದಲ ಕಾಲಂನಲ್ಲಿ ಕ್ಯಾನನ್ ಅಥವಾ ಲೆಜೆಂಡ್ಸ್ ಎಂದು ಬರೆಯಿರಿ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಒಂದು, ಮರುಮುದ್ರಣ. 1991ರ ಕಾದಂಬರಿ 2021ರ ಹೊಸ ರಕ್ಷಾಪುಟ ತೊಟ್ಟು ಅಂಗಡಿಗೆ ಬಂದಿರುತ್ತದೆ. ಮುಖಪುಟದಲ್ಲಿ ಲೆಜೆಂಡ್ಸ್ ಎಂದಿದೆಯೇ ನೋಡಿ, ಕಾಪಿರೈಟ್ ಪುಟದಲ್ಲಿ ಮೊದಲ ಮುದ್ರಣದ ವರ್ಷ ನೋಡಿ. ಎರಡು, ಪ್ರಕಾಶಕರ ಹೆಸರು ನೋಡಿ ತೀರ್ಮಾನಿಸುವುದು. ಡಾರ್ಕ್ ಹಾರ್ಸ್‌ನ ಹಳೆಯ ಕಾಮಿಕ್ಸ್ ಲೆಜೆಂಡ್ಸ್ ಆದರೂ, ಅದೇ ಸಂಸ್ಥೆ 2014ರಲ್ಲಿ ತಂದ ಡಾರ್ತ್ ಮಾಲ್‌ನ 'ಸನ್ ಆಫ್ ಡ್ಯಾಥೊಮಿರ್' ಕ್ಯಾನನ್. ಅದನ್ನು ಮಾಡಿದ್ದು ಚಿತ್ರೀಕರಣವಾಗದೆ ಉಳಿದ ಕ್ಲೋನ್ ವಾರ್ಸ್ ಸ್ಕ್ರಿಪ್ಟ್‌ಗಳಿಂದ. ಮೂರು, ತಾರೀಕನ್ನೇ ನಂಬುವುದು. 'ದಿ ಓಲ್ಡ್ ರಿಪಬ್ಲಿಕ್' ಆನ್‌ಲೈನ್ ಗೇಮ್ 2011ರದ್ದು. ಅದಕ್ಕೆ 2014ರ ಆಚೆ ಬಂದ ಹೊಸ ಭಾಗಗಳೂ ಲೆಜೆಂಡ್ಸ್ ಕಡೆಗೇ ಸೇರುತ್ತವೆ.

ಲೆಜೆಂಡ್ಸ್ ಸಾಲುಗಳನ್ನು ಅಳಿಸಬೇಡಿ, ಬೇರೆ ಶೀಟಿಗೆ ಹಾಕಿ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರ ಹೆಂಡತಿ. ಎರಡನ್ನೂ ಓದಿಕೊಂಡು ಬಂದ ನಮಗೆ ಇದು ದೊಡ್ಡ ವಿಷಯವಲ್ಲ. ತಕರಾರು ಹುಟ್ಟುವುದು ಎಲ್ಲವೂ ಒಂದೇ ಕಥೆ ಎಂದು ಕಂಪನಿಯೇ ಹೇಳಿದಾಗ.

ಕಾಲಂಗಳು

ಒಟ್ಟು ಒಂಬತ್ತು ಸಾಕು: ಪಟ್ಟಿ, ಕೃತಿ, ಮಾಧ್ಯಮ, ಆವೃತ್ತಿ, ಹೊರಬಂದ ತಾರೀಕು, ಆರಂಭ ವರ್ಷ, ಅಂತ್ಯ ವರ್ಷ, ಕ್ರಮಸಂಖ್ಯೆ, ಟಿಪ್ಪಣಿ. ಇದಕ್ಕಿಂತ ಹೆಚ್ಚು ಮಾಡಿದರೆ ಹತ್ತು ಸಾಲು ತುಂಬುವಷ್ಟರಲ್ಲಿ ಬೇಸರ ಬರುತ್ತದೆ.

ಕಥೆಯೊಳಗಿನ ವರ್ಷ ಎಣಿಸುವುದು ಯಾವಿನ್ ಕದನದಿಂದ, ಅಂದರೆ ಮೊದಲ ಸಿನಿಮಾದ ಕೊನೆಯಲ್ಲಿ ಡೆತ್ ಸ್ಟಾರ್ ಸಿಡಿಯುವ ಯುದ್ಧದಿಂದ. ಅದಕ್ಕೆ ಮುಂಚಿನದು ಬಿಬಿವೈ, ನಂತರದ್ದು ಎಬಿವೈ. ಶೀಟಿನಲ್ಲಿ ಈ ಅಕ್ಷರಗಳನ್ನು ಬರೆದರೆ ಸಾರ್ಟ್ ಆಗುವುದಿಲ್ಲ. ಬಿಬಿವೈಗೆ ಮೈನಸ್ ಸಂಖ್ಯೆ ಹಾಕಿ: 'ದಿ ಫ್ಯಾಂಟಮ್ ಮೆನೆಸ್' -32, 'ರಿವೆಂಜ್ ಆಫ್ ದಿ ಸಿತ್' -19, ಮೊದಲ ಸಿನಿಮಾ 0, 'ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' 3, 'ರಿಟರ್ನ್ ಆಫ್ ದಿ ಜೆಡೈ' 4, 'ದಿ ಫೋರ್ಸ್ ಅವೇಕನ್ಸ್' 34. ಈ ಆರು ಗೂಟಗಳನ್ನು ಮೊದಲು ನೆಟ್ಟುಬಿಡಿ, ಉಳಿದವು ಅವುಗಳ ನಡುವೆ ಬರುತ್ತವೆ. ಆರಂಭ, ಅಂತ್ಯ ಎರಡನ್ನೂ ಒಂದೇ ಸೆಲ್‌ನಲ್ಲಿ 4-9 ಎಂದು ಬರೆಯಬೇಡಿ. ಸ್ಪ್ರೆಡ್‌ಶೀಟ್ ಅದನ್ನು ತಾರೀಕು ಎಂದುಕೊಂಡು ತಿರುಗಿಸಿಬಿಡುತ್ತದೆ. ಎರಡು ಕಾಲಂ ಮಾಡಲು ಹೇಳಿದ್ದು ಅದಕ್ಕೇ.

ವರ್ಷವೊಂದೇ ಸಾಲದು, ಕ್ರಮಸಂಖ್ಯೆಯೂ ಬೇಕು. ಕ್ಲೋನ್ ವಾರ್ಸ್ ಏಳನೇ ಸೀಸನ್‌ನ ಕೊನೆಯ ಎಪಿಸೋಡ್‌ಗಳು 'ರಿವೆಂಜ್ ಆಫ್ ದಿ ಸಿತ್' ಜೊತೆಜೊತೆಗೇ ನಡೆಯುತ್ತವೆ, ಎರಡೂ -19. 'ರೋಗ್ ಒನ್' ಮುಗಿಯುವುದು ಮೊದಲ ಸಿನಿಮಾ ಶುರುವಾಗುವ ಹೊಸ್ತಿಲಲ್ಲಿ. ಕ್ರಮಸಂಖ್ಯೆಯನ್ನು 1, 2, 3 ಎಂದು ಕೊಡದೆ 100, 200, 300 ಎಂದು ಕೊಡಿ. ಮುಂದೆ ನಡುವೆ ಏನಾದರೂ ಬಂದರೆ 150 ಎಂದು ತೂರಿಸಬಹುದು. ಬಂದೇ ಬರುತ್ತದೆ.

ಒಂದು ಕೃತಿಗೆ ಒಂದೇ ಸಾಲು ಎಂದುಕೊಳ್ಳಬೇಡಿ. 'ಬುಕ್ ಆಫ್ ಬೋಬಾ ಫೆಟ್' ಸೀರೀಸ್‌ನ ಫ್ಲ್ಯಾಶ್‌ಬ್ಯಾಕ್ 4ರಿಂದ ಶುರುವಾಗುತ್ತದೆ, ಮುಖ್ಯ ಕಥೆ 9ರ ಸುಮಾರಿಗೆ ನಡೆಯುತ್ತದೆ. ಆನಿಮೇಷನ್ ಸೀರೀಸ್ 'ರೆಬೆಲ್ಸ್' ಶುರು -5ರಲ್ಲಿ, ಆದರೆ ಅದರ ಕೊನೆಯ ಕೆಲವು ನಿಮಿಷ ಎಂಡೋರ್ ಯುದ್ಧದ ('ರಿಟರ್ನ್ ಆಫ್ ದಿ ಜೆಡೈ' ಕೊನೆಯದು) ಆಚೆಯವು. ಪ್ರತಿ ತುಂಡಿಗೂ ಒಂದೊಂದು ಸಾಲು ಕೊಡಿ. ಕ್ಲೋನ್ ವಾರ್ಸ್‌ಗಂತೂ ಎಪಿಸೋಡ್ ಲೆಕ್ಕದಲ್ಲೇ ಹೋಗಬೇಕು, ಏಕೆಂದರೆ ಅದು ಪ್ರಸಾರವಾದ ಕ್ರಮವೇ ಬೇರೆ, ಕಥೆಯ ಕ್ರಮವೇ ಬೇರೆ. ಕಥೆಯ ಕ್ರಮದಲ್ಲಿ ಮೊದಲನೆಯದು ಎರಡನೇ ಸೀಸನ್‌ನ 16ನೇ ಎಪಿಸೋಡ್, ಆಮೇಲೆ ಮೊದಲ ಸೀಸನ್‌ನ 16, ಆಮೇಲೆ 2008ರ ಕ್ಲೋನ್ ವಾರ್ಸ್ ಸಿನಿಮಾ, ನಂತರ ಮೂರನೇ ಸೀಸನ್‌ನ 1 ಮತ್ತು 3, ಅದಾದ ಮೇಲೆ ಮೊದಲ ಸೀಸನ್‌ನ 1. ಲ್ಯೂಕಾಸ್‌ಫಿಲ್ಮೇ ಈ ಪಟ್ಟಿಯನ್ನು ಕೊಟ್ಟಿದೆ, ನೀವು ಊಹಿಸುತ್ತ ಕೂರಬೇಕಾಗಿಲ್ಲ.

ಹೊರಬಂದ ತಾರೀಕು ಮತ್ತು ಆವೃತ್ತಿ

ಕಾಮಿಕ್ಸ್ ಮುಖಪುಟದಲ್ಲಿರುವ ತಿಂಗಳು ಮಾರಾಟಕ್ಕೆ ಬಂದ ತಿಂಗಳಲ್ಲ, ಸಾಮಾನ್ಯವಾಗಿ ಅದಕ್ಕಿಂತ ಮುಂದಿನದು. ಮಾರ್ವೆಲ್‌ನ ಮೊದಲ ಸ್ಟಾರ್ ವಾರ್ಸ್ ಸಂಚಿಕೆಯ ಮೇಲೆ ಜುಲೈ 1977 ಎಂದಿದೆ, ಆದರೆ ಅದು ಅಂಗಡಿಗೆ ಬಂದದ್ದು ಸಿನಿಮಾಕ್ಕೂ ಮುಂಚೆ, ಏಪ್ರಿಲ್‌ನಲ್ಲಿ. ಆ ಕಾಮಿಕ್ಸ್‌ನಲ್ಲಿ ಪಾತಕಿ ದೊರೆ ಜಬ್ಬಾ ವಾಲ್ರಸ್ ಮುಖದ, ಎರಡು ಕಾಲಿನ ಆಸಾಮಿ. ನಾವು ನೋಡಿದ ದೈತ್ಯ ಹುಳುವಿನಂಥ ಜಬ್ಬಾ ತೆರೆಗೆ ಬಂದದ್ದು 1983ರಲ್ಲಿ. ಎರಡು ತಾರೀಕು ಪಕ್ಕಪಕ್ಕ ಇದ್ದರೆ ಇದರಲ್ಲಿ ಒಗಟೇ ಇಲ್ಲ. 1978ರ ಕಾದಂಬರಿಯೊಂದರಲ್ಲಿ ಲ್ಯೂಕ್ ಮತ್ತು ಲೇಯಾ ನಡುವೆ ಪ್ರೇಮದ ಸುಳಿವಿರುವುದೂ ಹೀಗೇ. ಅವರು ಅಣ್ಣತಂಗಿ ಎಂದು ಓದುಗರಿಗೆ ಗೊತ್ತಾಗುವುದಕ್ಕೆ ಇನ್ನೂ ಐದು ವರ್ಷವಿತ್ತು.

ಸಿನಿಮಾಗಳಿಗೂ ಆವೃತ್ತಿ ಬರೆಯಲೇಬೇಕು. ಜಬ್ಬಾ ಮೊದಲ ಸಿನಿಮಾದಲ್ಲಿ ಕಾಣುವುದು 1997ರ ಸ್ಪೆಷಲ್ ಎಡಿಷನ್‌ನಿಂದ ಮುಂದೆ. 'ಎಂಪೈರ್ ಸ್ಟ್ರೈಕ್ಸ್ ಬ್ಯಾಕ್'ನಲ್ಲಿ ಚಕ್ರವರ್ತಿಯಾಗಿ ಇಯಾನ್ ಮ್ಯಾಕ್‌ಡಿಯರ್ಮಿಡ್ ಕಾಣಿಸುವುದು 2004ರ ಡಿವಿಡಿಯಿಂದ. ಮೊದಲ ಸಿನಿಮಾದಲ್ಲಿ ಹಾನ್ ಸೋಲೋ ಮೇಲೆ ಗ್ರೀಡೋ ಗುಂಡು ಹಾರಿಸುವ ದೃಶ್ಯವನ್ನಂತೂ 2019ರವರೆಗೂ ತಿದ್ದುತ್ತಲೇ ಇದ್ದರು. "ಸಿನಿಮಾದಲ್ಲಿ ಹೀಗಿದೆ" ಎಂಬ ವಾದಗಳಲ್ಲಿ ಎಷ್ಟೋ ಸಲ ಇಬ್ಬರೂ ಸರಿಯೇ ಇರುತ್ತಾರೆ, ನೋಡಿದ ಪ್ರತಿ ಬೇರೆ ಅಷ್ಟೆ.

ಹೊಂದದೆ ಹೋದಾಗ

ಟಿಪ್ಪಣಿ ಕಾಲಂನಲ್ಲಿ ಮೂರು ಗುರುತು ಇಟ್ಟುಕೊಳ್ಳಿ: ಹೊಂದುತ್ತದೆ, ಒಗ್ಗಿಸಬಹುದು, ಢಿಕ್ಕಿ.

ಢಿಕ್ಕಿಗೆ ಒಳ್ಳೆಯ ಉದಾಹರಣೆ 'ರೆಬೆಲ್ಸ್'ನ ಜೆಡೈ ಕೇನನ್. 2015ರ ಕಾಮಿಕ್ಸ್‌ನಲ್ಲಿ ಆರ್ಡರ್ 66, ಅಂದರೆ ಜೆಡೈಗಳನ್ನು ಕೊಲ್ಲಲು ಕ್ಲೋನ್ ಸೈನಿಕರಿಗೆ ಕೊಟ್ಟ ಆಜ್ಞೆ, ಬರುವುದು ರಾತ್ರಿ ಹೊತ್ತು. ಹುಡುಗ ಕೇಲಬ್ (ಕೇನನ್‌ನ ಮೊದಲಿನ ಹೆಸರು), ಅವನ ಗುರು ಡೆಪಾ ಬಿಲ್ಲಾಬಾ, ಕ್ಲೋನ್ ಸೈನಿಕರು ಬೆಂಕಿಯ ಸುತ್ತ ಕೂತಿರುತ್ತಾರೆ. 2021ರ 'ದಿ ಬ್ಯಾಡ್ ಬ್ಯಾಚ್' ಮೊದಲ ಎಪಿಸೋಡ್‌ನಲ್ಲಿ ಅದೇ ಘಟನೆ ಹಗಲು ಹೊತ್ತು, ಹಿಮದ ನಡುವೆ, ಯುದ್ಧಭೂಮಿಯಲ್ಲಿ ನಡೆಯುತ್ತದೆ. ಇವೆರಡನ್ನೂ ಹೊಲಿಯಲು ಹೋಗಬೇಡಿ, ಹೊಲಿಗೆ ನಿಲ್ಲುವುದಿಲ್ಲ. ಎರಡರಲ್ಲೂ ಸಮಾನವಾದದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ: ಕ್ಯಾಲರ್ ಗ್ರಹ, ಗುರುವಿನ ಸಾವು, ಓಡಿಹೋದ ಶಿಷ್ಯ. ಬೇರೆಯಾದದ್ದನ್ನು ಆಯಾ ಕೃತಿಯ ಸಾಲಿನಲ್ಲೇ ಬಿಡಿ. 2014ರ ಆಚೆ ಕಾಗದದ ಮೇಲೆ ಎಲ್ಲ ಮಾಧ್ಯಮಕ್ಕೂ ಸಮಾನ ತೂಕ. ಆಚರಣೆಯಲ್ಲಿ ಮಾತ್ರ ಪುಸ್ತಕವೂ ತೆರೆಯೂ ಢಿಕ್ಕಿಯಾದರೆ ಮುಂದಿನ ಕಥೆಗಳು ತೆರೆಯ ಮೇಲೆ ಬಂದದ್ದನ್ನೇ ಅನುಸರಿಸುತ್ತವೆ. ಕ್ಲೋನ್ ವಾರ್ಸ್‌ನ ನಾಯಕಿ ಅಸೋಕಾಳ 2016ರ ಕಾದಂಬರಿಗೂ ಇದೇ ಗತಿಯಾಯಿತು: ಮೊದಲು 2020ರ ಕ್ಲೋನ್ ವಾರ್ಸ್ ಏಳನೇ ಸೀಸನ್, ಆಮೇಲೆ 2022ರ 'ಟೇಲ್ಸ್ ಆಫ್ ದಿ ಜೆಡೈ' ಅದರ ಭಾಗಗಳನ್ನು ಬೇರೆ ರೀತಿಯಲ್ಲಿ ಹೇಳಿದವು.

ಒಗ್ಗಿಸುವ ಕೆಲಸವನ್ನು ಚೆನ್ನಾಗಿ ಮಾಡಿದ ಬರವಣಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 2017ರ 'ರೆಬೆಲ್ಸ್' ಎಪಿಸೋಡ್ ಒಂದರಲ್ಲಿ ಸೆನೆಟರ್ ಮಾನ್ ಮಾತ್ಮಾ ಚಕ್ರವರ್ತಿಯ ವಿರುದ್ಧ ಮಾತನಾಡಿ ತಲೆಮರೆಸಿಕೊಂಡಿದ್ದಾಳೆ, ಬಂಡುಕೋರರ ವಿಮಾನಪಡೆ ಗೋಲ್ಡ್ ಸ್ಕ್ವಾಡ್ರನ್ ಅವಳನ್ನು ಕರೆದೊಯ್ಯುತ್ತಿದೆ. 2025ರ 'ಆಂಡೋರ್' ಎರಡನೇ ಸೀಸನ್‌ಗೆ ಅವಳನ್ನು ಸೆನೆಟ್‌ನಿಂದ ಪಾರುಮಾಡುವವನು ಆ ಸೀರೀಸ್‌ನ ನಾಯಕ ಕ್ಯಾಸಿಯನ್ ಆಗಬೇಕು. ಹಳೆಯದನ್ನು ತಿದ್ದಲಿಲ್ಲ. ಕ್ಯಾಸಿಯನ್ ಅವಳನ್ನು ರಾಜಧಾನಿ ಗ್ರಹ ಕೊರುಸಾಂಟ್‌ನ ಒಂದು ಅಡಗುತಾಣದವರೆಗೆ ತರುತ್ತಾನೆ, ಅಲ್ಲಿಂದ ಮುಂದಿನದು ಗೋಲ್ಡ್ ಸ್ಕ್ವಾಡ್ರನ್ ಪಾಲಿಗೆ. ಜನರ ಬಾಯಲ್ಲಿ ಉಳಿಯುವುದು ಆ ಎರಡನೇ ಭಾಗವೇ ಎಂಬ ಅರ್ಥದ ಮಾತನ್ನೂ ಪಾತ್ರಗಳಿಂದಲೇ ಆಡಿಸಿದ್ದಾರೆ. ಶೀಟಿನಲ್ಲಿ ಇದು -2ರಲ್ಲಿ ಮೂರು ಸಾಲು: ಭಾಷಣ, ಪಾರಾಗುವುದು, ಪ್ರಯಾಣ. ಮೊದಲೆರಡಕ್ಕೆ ಮೂಲ ಆಂಡೋರ್, ಮೂರನೆಯದಕ್ಕೆ ರೆಬೆಲ್ಸ್.

ಇನ್ನೊಂದು ಬಗೆಯ ತಪ್ಪು ಲೆಜೆಂಡ್ಸ್‌ನಿಂದ ವಲಸೆ ಬಂದವರ ವಿಷಯದಲ್ಲಿ. ಖಳನಾಯಕ ಥ್ರಾನ್ 1991ರ ಕಾದಂಬರಿಯವನು, 2016ರಲ್ಲಿ 'ರೆಬೆಲ್ಸ್' ಮೂಲಕ ಕ್ಯಾನನ್‌ಗೆ ಬಂದ. ಬಂದದ್ದು ಪಾತ್ರ ಮಾತ್ರ, 1991ರ ಘಟನೆಗಳಲ್ಲ. ಹೆಸರು, ಹುಟ್ಟಿದ ವರ್ಷ, ಊರು, ಸಂಬಂಧ ಹೀಗೆ ಪ್ರತಿಯೊಂದಕ್ಕೂ ಹೊಸ ಮೂಲ ಬೇಕು. 2024ರಲ್ಲಿ 'ದಿ ಅಕೊಲೈಟ್' ಸೀರೀಸ್ ಬಂದಾಗ, -92ಕ್ಕಿಂತ ಹಿಂದೆ ನಡೆಯುವ ಆ ಕಥೆಯಲ್ಲಿ ಜೆಡೈ ಕೀ-ಆಡಿ-ಮುಂಡಿ ಹೇಗೆ ಕಾಣಿಸಿಕೊಂಡ, ಅವನು ಹುಟ್ಟಿದ್ದೇ -92ರಲ್ಲಲ್ಲವೇ ಎಂದು ದೊಡ್ಡ ಗಲಾಟೆಯಾಯಿತು. ಆ -92 ಬಂದದ್ದು ಲೆಜೆಂಡ್ಸ್ ಕಾಲದ ಪೂರಕ ಸಾಮಗ್ರಿಯಿಂದ. ಮೂಲ ಬರೆದಿಟ್ಟವರಿಗೆ ಅರ್ಧ ನಿಮಿಷದ ಕೆಲಸ.

ಮಾಧ್ಯಮಕ್ಕೊಂದು ಎಚ್ಚರಿಕೆ

ಗೇಮ್‌ಗಳಲ್ಲಿ ಕಥೆ ಹೇಳುವ ದೃಶ್ಯಗಳನ್ನು ಮಾತ್ರ ದಾಖಲಿಸಿ. 'ಜೆಡೈ: ಫಾಲನ್ ಆರ್ಡರ್' (-14) ಮತ್ತು 'ಸರ್ವೈವರ್' (-9) ಕ್ಯಾನನ್. ಆದರೆ ನೀವು ಎಷ್ಟು ಸಲ ಸತ್ತಿರಿ, ನಾಯಕ ಕ್ಯಾಲ್‌ಗೆ ಯಾವ ಪಾಂಚೋ ತೊಡಿಸಿದಿರಿ ಎಂಬುದು ಇತಿಹಾಸವಲ್ಲ. ಸಿನಿಮಾದ ಕಾದಂಬರಿ ರೂಪ ಓದುವಾಗ ತೆರೆಯ ಮೇಲೆ ಇಲ್ಲದ ವಿವರದ ಪಕ್ಕ 'ಪುಸ್ತಕ ಮಾತ್ರ' ಎಂದು ಬರೆಯಿರಿ. 'ರೈಸ್ ಆಫ್ ಸ್ಕೈವಾಕರ್'ನಲ್ಲಿ ಮರಳಿ ಬಂದ ಚಕ್ರವರ್ತಿ ಪ್ಯಾಲ್ಪಟೀನ್‌ನ ಮೈ ಕ್ಲೋನ್ ಎಂದು ಬಿಡಿಸಿ ಹೇಳುವುದು ಕಾದಂಬರಿ.

ಒಂದೇ ಸಲ ನಡೆದು ಮುಗಿಯುವ ಪ್ರಚಾರ ಕಾರ್ಯಕ್ರಮಗಳನ್ನು ಆ ದಿನವೇ ದಾಖಲಿಸಿ. 'ರೈಸ್ ಆಫ್ ಸ್ಕೈವಾಕರ್'ನ ಆರಂಭದ ಬರಹದಲ್ಲಿ ಪ್ಯಾಲ್ಪಟೀನ್‌ನ ಸಂದೇಶದ ಪ್ರಸ್ತಾಪವಿದೆ. ಸಂದೇಶ ಕೇಳಿಸಿದ್ದು ಮಾತ್ರ ಸಿನಿಮಾದಲ್ಲಲ್ಲ, 14 ಡಿಸೆಂಬರ್ 2019ರಂದು ಫೋರ್ಟ್‌ನೈಟ್ ಗೇಮ್‌ನೊಳಗಿನ ಕಾರ್ಯಕ್ರಮದಲ್ಲಿ. ಕಥೆಯ ಕೀಲಿಯನ್ನು ಇಂಥ ಕಡೆ ಇಡುವುದು ನೋಡುಗರಿಗೆ ಮಾಡುವ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

'ವಿಷನ್ಸ್' ಮತ್ತು ಲೆಗೋ ಕಥೆಗಳಿಗೆ ವರ್ಷ ಹುಡುಕುತ್ತ ಕೂರಬೇಡಿ. ಅವು ಈ ಲೆಕ್ಕದಿಂದ ಹೊರಗೆ.

ಇಡೀ ಶೀಟನ್ನು ಒಮ್ಮೆಗೇ ತುಂಬಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. -5ರಿಂದ 0ರವರೆಗಿನ ಕಿಟಕಿಯಿಂದ ಶುರುಮಾಡಿ: ಆಂಡೋರ್, ರೆಬೆಲ್ಸ್, ರೋಗ್ ಒನ್, ಮೊದಲ ಸಿನಿಮಾ. ಆಂಡೋರ್ ವರ್ಷವನ್ನು ತೆರೆಯ ಮೇಲೆಯೇ ಬರೆದು ತೋರಿಸುತ್ತದೆ, ಹಾಗಾಗಿ ಅದರ ಸಾಲುಗಳನ್ನು ಮೊದಲು ತುಂಬಿ, ರೆಬೆಲ್ಸ್ ಎಪಿಸೋಡ್‌ಗಳನ್ನು ಅವುಗಳ ನಡುವೆ ಕೂರಿಸಿ. ಅದಾದ ಮೇಲೆ -19ರ ಕಡೆಗೆ ಹಿಂದಕ್ಕೆ ಹೋಗಿ. ಸಿನಿಮಾಗಳಿಗಿಂತ ಬಹಳ ಹಿಂದಿನ ಕಾಲದ ಹೈ ರಿಪಬ್ಲಿಕ್ ಪುಸ್ತಕಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅವುಗಳ ಎರಡನೇ ಹಂತ ಮೊದಲ ಹಂತಕ್ಕಿಂತ 150 ವರ್ಷ ಹಿಂದೆ ನಡೆಯುವುದರಿಂದ ಅಲ್ಲಿ ಕ್ರಮಸಂಖ್ಯೆ ಮೊದಲೇ ಸರಿಯಾಗಿರಬೇಕು.