'ಹೊಲಿಗೆ ನೋಡಬೇಕು' ಅಂದರೆ ಎಲ್ಲರೂ ಆಚೆ ಹೋಗುತ್ತಾರೆ

ಬಾಣಂತಿ ಇರುವ ಮನೆಯಲ್ಲಿ ಬಾಣಂತಿಯೊಬ್ಬಳೇ ಮಾತಿಗೆ ಸಿಗುವುದು ಕಷ್ಟ. ಅಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ಅಜ್ಜಿ ಮಂಚದ ಪಕ್ಕ ಕೂತಿರುತ್ತಾರೆ. ಜೊತೆಗೆ ಮಗು ನೋಡಲು ಬಂದ ಪಕ್ಕದ ಮನೆಯವರು ಬೇರೆ. ಇಷ್ಟು ಜನರ ಮುಂದೆ 'ಮನಸ್ಸಿಗೆ ಹೇಗಿದೆಯಮ್ಮ?' ಅಂತ ಕೇಳಿದರೆ ಅವಳು ಅಮ್ಮನ ಮುಖ ನೋಡುತ್ತಾಳೆ. ಉತ್ತರ ಅಮ್ಮನೇ ಕೊಡುತ್ತಾರೆ. 'ಅವಳಿಗೇನ್ ಸಿಸ್ಟರ್, ಚೆನ್ನಾಗವ್ಳೆ. ಊಟ ಒಂದು ಸರಿಯಾಗಿ ಮಾಡಲ್ಲ ಅಷ್ಟೆ.'

ನಾನು ಪಾಂಡವಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಮಗು, ಬಾಣಂತಿ ಇಬ್ಬರನ್ನೂ ನೋಡಬೇಕು. ಇದರಲ್ಲಿ ಒಂದೆರಡು ಭೇಟಿಗೆ ನಾನೂ ಜೊತೆಗೆ ಹೋಗುತ್ತೇನೆ, ಅದರಲ್ಲೂ 14ನೇ ದಿನಕ್ಕೆ ತಪ್ಪಿಸುವುದಿಲ್ಲ. ಕಾರಣ ಇದೆ. ಹೆರಿಗೆಯಾಗಿ ಮೂರು-ನಾಲ್ಕು ದಿನಕ್ಕೆ ಸುಮ್ನೆ ಅಳು ಬರುವುದು, ಸಣ್ಣ ಮಾತಿಗೂ ಸಿಟ್ಟು ಬರುವುದು ತುಂಬಾ ಜನರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದಿದ್ದರೆ ಅದು ಬೇರೆ, ಬಾಣಂತಿಯ ಖಿನ್ನತೆ ಇರಬಹುದು. ಅದನ್ನು ಹುಡುಕಲಿಕ್ಕೇ ನಾನು ಹೋಗುವುದು.

ಒಳಗೆ ಹೋದ ಮೇಲೆ ನಮ್ಮಿಬ್ಬರ ಕೆಲಸ ಹಂಚಿಕೆ ಹೀಗೆ. ಆಶಾ ಮಗುವನ್ನೂ ತೂಕದ ತಕ್ಕಡಿಯನ್ನೂ ಎತ್ತಿಕೊಂಡು ಜಗಲಿಗೆ ಹೋಗುತ್ತಾಳೆ. ತೂಕ ಎಷ್ಟಾಗಿದೆ ಅಂತ ನೋಡಲು ಅಜ್ಜಿಯರೆಲ್ಲ ಅವಳ ಹಿಂದೆ ಹೊರಡುತ್ತಾರೆ. ಇನ್ನೂ ಯಾರಾದರೂ ಉಳಿದಿದ್ದರೆ 'ಹೊಲಿಗೆ ನೋಡಬೇಕು, ಸ್ವಲ್ಪ ಬಾಗಿಲು ಹಾಕ್ಕೊಳ್ತೀನಿ' ಅನ್ನುತ್ತೇನೆ. ಈ ಮಾತಿಗೆ ಎದುರು ಮಾತಿಲ್ಲ. ಹೊಲಿಗೆಯನ್ನು ನಿಜವಾಗಿಯೂ ನೋಡುತ್ತೇನೆ, ಅಷ್ಟು ಹೊತ್ತಿಗೆ ಅವಳಿಗೂ ಸ್ವಲ್ಪ ಸಲುಗೆ ಬಂದಿರುತ್ತದೆ. ಆಮೇಲೆ ಮಂಚದ ಮೇಲೇ ಕೂತು ಪ್ರಶ್ನೆ ಶುರು.

ಪ್ರಶ್ನೆ ನನ್ನದಲ್ಲ. ಸ್ಕಾಟ್ಲೆಂಡಿನಲ್ಲಿ 1987ರಲ್ಲಿ ಬಂದ ಎಡಿನ್‌ಬರಾ ಪ್ರಶ್ನಾವಳಿ. 10 ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 30. ಕನ್ನಡದಲ್ಲೂ ಇದೆ. ಕಳೆದ 7 ದಿನ ಹೇಗಿತ್ತು ಅಂತ ಮಾತ್ರ ಕೇಳುವುದು. ಕಾಗದವನ್ನು ಅವಳ ಕೈಗೆ ಕೊಟ್ಟರೆ ಪರೀಕ್ಷೆಗೆ ಕೂರಿಸಿದ ಹಾಗಾಗುತ್ತದೆ, ಅದಕ್ಕೇ ನಾನೇ ಓದುತ್ತೇನೆ. ನಿದ್ದೆಯ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಕೇಳುತ್ತೇನೆ. ಯಾವ ಬಾಣಂತಿಗೆ ನಿದ್ದೆ ಸರಿಯಾಗಿರುತ್ತದೆ ಹೇಳಿ? 'ಮಗು ಮಲಗಿರುವಾಗ, ಅಮ್ಮ ನೋಡಿಕೊಳ್ತಾ ಇರುವಾಗಲೂ ನಿಮಗೆ ನಿದ್ದೆ ಬರಲ್ವಾ?' ಅಂದರೆ ಉತ್ತರ ಬೇರೆಯೇ ಬರುತ್ತದೆ. ಎಷ್ಟೋ ಜನ ಕಣ್ಣೀರು ಹಾಕುವುದು ಈ ಪ್ರಶ್ನೆಗೇ.

ಕೊನೆಯದು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಅನ್ನುವ ಭಯ ಆಶಾಗಳಿಗೆ ಜಾಸ್ತಿ. ಹಾಗೇನೂ ಆಗುವುದಿಲ್ಲ. ಸುತ್ತಿ ಬಳಸದೆ ಕೇಳಬೇಕು. ಒಟ್ಟು ಅಂಕ ಎಷ್ಟೇ ಬರಲಿ, ಈ ಪ್ರಶ್ನೆಗೆ 'ಇಲ್ಲ' ಬಿಟ್ಟು ಬೇರೆ ಏನೇ ಹೇಳಿದರೂ ಅವತ್ತೇ ಡಾಕ್ಟರ್ ಹತ್ತಿರ ಮಾತಾಡುತ್ತೇನೆ. ಅಲ್ಲಿಯವರೆಗೆ ಅವಳನ್ನು ಒಬ್ಬಳನ್ನೇ ಬಿಡಬೇಡಿ ಅಂತ ಮನೆಯವರಿಗೆ ಹೇಳಿಯೇ ಹೊರಡುತ್ತೇನೆ.

ಬಸುರಿಯಲ್ಲೂ ಇದನ್ನೇ ಕೇಳಬಹುದು, ಕೇಳುತ್ತೇನೆ. ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರ ತಪಾಸಣೆ ಇರುತ್ತದೆ. ಬಿಪಿ ನೋಡುವ ಕುರ್ಚಿಯನ್ನು ಸಾಲಿನಿಂದ ಸ್ವಲ್ಪ ದೂರ, ಗೋಡೆ ಕಡೆಗೆ ಹಾಕಿಸಿದ್ದೇನೆ, ಅಷ್ಟೇ. ಹೆರಿಗೆಗೆ ಮುಂಚೆಯೇ ಮಂಕಾಗಿದ್ದವರು ಹೆರಿಗೆಯಾದ ಮೇಲೆ ತಾವಾಗಿಯೇ ಸರಿಹೋಗುತ್ತಾರೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಇದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮಂಡ್ಯದ ಒಂದು ಆಲೆಮನೆಯಲ್ಲಿ ಕದ್ದು ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದುದು 2023ರಲ್ಲಿ ಬಯಲಾಯಿತಲ್ಲ, ಅದರ ಬೇರು ಮನೆಯೊಳಗಿದೆ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗಂಡು ಬೇಕು ಅಂದುಕೊಂಡ ಮನೆಯಲ್ಲಿ ಹೆಣ್ಣು ಹುಟ್ಟಿದರೆ ತಾಯಿಗೆ ಖಿನ್ನತೆಯ ಅಪಾಯ ಜಾಸ್ತಿ ಅಂತ ತೋರಿಸಿತ್ತು. ನಾನು ನೋಡಿದ್ದೂ ಅದನ್ನೇ. ಎರಡನೆಯದೂ ಹೆಣ್ಣಾದ ಒಬ್ಬಾಕೆಗೆ ಯಾರೂ ಒಂದು ಮಾತೂ ಬೈದಿರಲಿಲ್ಲ. ಗಂಡ ಮಗು ನೋಡಲು ಬಂದಿರಲಿಲ್ಲ, ಅಷ್ಟೇ. ಅವಳು ಮಗುವಿಗೆ ಹಾಲು ಕೊಡುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಆದರೆ ಅದರ ಮುಖ ನೋಡುತ್ತಿರಲಿಲ್ಲ. ಅವಳ ಅಮ್ಮನ ಮಾತು ಎಲ್ಲ ಮನೆಯಲ್ಲೂ ಕೇಳುವಂಥದ್ದೇ: 'ನಾವೆಲ್ಲ ಹೆತ್ತಿಲ್ವಾ?'

ಇಂಥ ಕಡೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಬಾಣಂತನ ಮಾಡುವವರಿಗೆ ಕೆಲಸ ಬೇಕು, ಅವರಿಗೆ ಗೊತ್ತಿರುವ ಕೆಲಸವನ್ನೇ ಕೊಡಬೇಕು. ಆ ಅಮ್ಮನಿಗೆ ನಾನು ವಹಿಸಿದ್ದು ನಿದ್ದೆ. ರಾತ್ರಿ ಒಂದು ಸಲ ಹಾಲು ಕುಡಿಸಿದ ಮೇಲೆ ಮಗು ನಿಮ್ಮ ಹತ್ತಿರ ಇರಬೇಕು, ಇವಳು ಬೇರೆ ಕೋಣೆಯಲ್ಲಿ ನಾಲ್ಕು ಗಂಟೆ ಒಂದೇ ಸಮ ಮಲಗಬೇಕು, ಇದು ಔಷಧಿ ಅಂತಲೇ ತಿಳ್ಕೊಳ್ಳಿ ಅಂದೆ. ಮಧ್ಯೆ ಮಗು ಎದ್ದರೆ? ಮಲಗುವ ಮುಂಚೆ ಹಿಂಡಿ ಮುಚ್ಚಿಟ್ಟ ಎದೆಹಾಲು ನಾಲ್ಕು ಗಂಟೆ ಹೊರಗಿದ್ದರೂ ಕೆಡುವುದಿಲ್ಲ. ಕುದಿಸಿದ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಒಳಲೆ ಅಂದ ಕೂಡಲೇ ಆ ತಾಯಿಗೆ ಹುರುಪು ಬಂತು, ಅದು ಅವರ ಕೈಗೆ ಪಳಗಿದ್ದು. ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದೆವು. ಅವೂ ಹೀಗೇ ಸುಸ್ತು ಮಾಡಿ ಮಂಕು ಕವಿಸುತ್ತವೆ.

ಬರೀ ನಿದ್ದೆಯಿಂದ ಎಲ್ಲ ಸರಿಹೋಗಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನಸ್ಸಿನ ಕಾಯಿಲೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ ಬರೆದರು. ಮಾತ್ರೆ ನುಂಗಿದರೆ ಹಾಲು ವಿಷವಾಗುತ್ತೆ ಅಂತ ಮನೆಯಲ್ಲಿ ಗಲಾಟೆ. ಈ ಔಷಧಿ ಹಾಲಿಗೆ ಹೋಗುವುದು ತೀರಾ ಕಡಿಮೆ, ಹಾಲು ಕುಡಿಸುವ ತಾಯಂದಿರಿಗೆ ಡಾಕ್ಟರುಗಳು ಮೊದಲು ಆರಿಸುವ ಮಾತ್ರೆಗಳಲ್ಲಿ ಇದೂ ಒಂದು. ನಾನು ಹೇಳಿದರೆ ನಂಬದವರು ಡಾಕ್ಟರ್ ಹೇಳಿದಾಗ ನಂಬಿದರು, ಇರಲಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಕಂಡ ಕೂಡಲೇ ನಿಲ್ಲಿಸಿಬಿಡುತ್ತಾರೆ ನೋಡಿ, ಅದನ್ನು ತಡೆಯುವುದೇ ದೊಡ್ಡ ಕೆಲಸ.

ಇದೆಲ್ಲ ಸಿಸ್ಟರ್‌ಗಳ ಕೈಲಾಗುತ್ತಾ ಅಂತ ಕೇಳುವವರಿದ್ದಾರೆ. ಪಾಕಿಸ್ತಾನದ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದ್ದರು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರು ತಿಂಗಳಿಗೆ, ಅವರು ಮಾತಾಡಿಸಿದ ತಾಯಂದಿರಲ್ಲಿ ಖಿನ್ನತೆ ಉಳಿದಿದ್ದದ್ದು ಶೇಕಡಾ 23ರಷ್ಟು ಜನಕ್ಕೆ. ಈ ತರಬೇತಿ ಇಲ್ಲದವರು ಹೋಗಿ ಬಂದ ಗುಂಪಿನಲ್ಲಿ ಶೇಕಡಾ 53.

ಬಾಣಂತಿ ಸನ್ನಿ ಮಾತ್ರ ನಮ್ಮ ಕೈಲಿ ನಿಭಾಯಿಸುವುದಲ್ಲ. ಸಾವಿರ ಹೆರಿಗೆಗೆ ಒಂದೋ ಎರಡೋ, ಬಹಳ ಸಲ ಮೊದಲ ಎರಡು ವಾರದಲ್ಲೇ. ರಾತ್ರಿಯೆಲ್ಲ ನಿದ್ದೆ ಇಲ್ಲ, ಆದರೂ ಸುಸ್ತಿಲ್ಲ. ಮಾತಿಗೆ ತಲೆಬುಡ ಇಲ್ಲ. ಇದು ನನ್ನ ಮಗುವೇ ಅಲ್ಲ ಅನ್ನುವುದು, ಯಾರೋ ಏನೋ ಮಾಡಿಸಿದ್ದಾರೆ ಅನ್ನುವುದು. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿರುತ್ತಾರೆ. ತಾಯತ ಬಿಚ್ಚಿಸಲು ಹೋಗಬೇಡಿ, ಹೊತ್ತು ಹಾಳು. 'ಅದೂ ಇರಲಿ, 108 ಕರೆಯೋಣ' ಅನ್ನಿ. ಮಗುವನ್ನು ಬಿಟ್ಟು ಹೋಗಬೇಕಲ್ಲ ಅಂತ ಹಿಂದೇಟು ಹಾಕುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೆ ಇರುವ ವಾರ್ಡೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅನ್ನುತ್ತದೆ.

ನನಗೆ ಈಗಲೂ ತಲೆನೋವು ಅಂದರೆ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವವರದು. ಮೂರನೇ ತಿಂಗಳೋ ಐದನೇ ತಿಂಗಳೋ ತವರು ಬಿಟ್ಟರೆ ನನ್ನ ವ್ಯಾಪ್ತಿಯಿಂದಲೇ ಆಚೆ. ಮಾತ್ರೆ ಇನ್ನೂ ಮುಗಿದಿರುವುದಿಲ್ಲ. ತಾಯಿ ಕಾರ್ಡಿನಲ್ಲಿ ನಾನು ಕಾಯಿಲೆ ಹೆಸರು ಬರೆಯುವುದಿಲ್ಲ, ಅದನ್ನು ಅತ್ತೆ ಮನೆಯಲ್ಲಿ ಎಲ್ಲರೂ ಓದುತ್ತಾರೆ. ಅವಳ ಒಪ್ಪಿಗೆ ಕೇಳಿ ಆ ಊರಿನ ಸಿಸ್ಟರ್‌ಗೆ ನಾನೇ ಫೋನ್ ಮಾಡುತ್ತೇನೆ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡುತ್ತೇನೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಸೊಸೆಯ ಫೋನ್ ಸೊಸೆಯ ಕೈಯಲ್ಲಿರುವುದಿಲ್ಲ. ಅದಕ್ಕೇ ಮೊದಲ ಕರೆಯನ್ನು ಅವಳು ಹೊರಡುವ ಮುಂಚೆ, ಉಪಕೇಂದ್ರದಲ್ಲಿ, ನನ್ನ ಫೋನಿನಿಂದಲೇ ಮಾಡಿಸಿಬಿಡುತ್ತೇನೆ. ಮುಂದಿನ ಲಸಿಕೆ ಯಾವತ್ತು ಅಂತ ಆ ಊರಿನ ಸಿಸ್ಟರ್‌ಗೆ ಗೊತ್ತಿರುತ್ತದೆ. ಅವತ್ತು ಮಗುವನ್ನು ಯಾರಾದರೂ ಎತ್ತಿಕೊಂಡಿರುವಾಗ ಇವಳನ್ನು ಪಕ್ಕಕ್ಕೆ ಕರೆದು ಮಾತ್ರೆ ಇದೆಯಾ ಅಂತ ಕೇಳಿ ಅಂತ ಹೇಳಿರುತ್ತೇನೆ.