ಹಳೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಸರ್ವರ್: ಲಾಗಿನ್ ಆದ ಮೇಲೆ ಮಾಡಬೇಕಾದ ಕೆಲಸಗಳು

ಮನೆಯ ಅಟ್ಟದಲ್ಲೋ ಬೀರುವಿನ ಕೆಳಗಿನ ಖಾನೆಯಲ್ಲೋ ಒಂದು ಹಳೇ ಲ್ಯಾಪ್‌ಟಾಪ್ ಬಿದ್ದಿರುತ್ತದೆ, ಅಲ್ವಾ? ಹೊಸ ವಿಂಡೋಸ್ ಅದರಲ್ಲಿ ಏಳುವುದೇ ಕಷ್ಟ. ಮಾರಲು ಹೋದರೆ ಗುಜರಿ ಬೆಲೆ ಹೇಳುತ್ತಾರೆ. ಆದರೆ ಸರ್ವರ್, ಅಂದರೆ ಸದಾ ಚಾಲೂ ಇದ್ದು ಬೇರೆ ಕಂಪ್ಯೂಟರ್‌ಗಳಿಗೆ ಸೇವೆ ಕೊಡುವ ಯಂತ್ರ ಆಗಲು ಅದಕ್ಕೆ ಬೇಕಾದಷ್ಟು ಶಕ್ತಿ ಇನ್ನೂ ಉಳಿದಿರುತ್ತದೆ. ಮನೆಮಂದಿಯ ಫೋಟೊಗಳನ್ನು ಒಂದೇ ಕಡೆ ಇಡಬಹುದು. ವೆಬ್‌ಸೈಟ್ ಕಟ್ಟಿ ನೋಡಬಹುದು. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸದ ಯಂತ್ರ ಸಿಗುವುದಿಲ್ಲ. ಬ್ಯಾಟರಿಯಲ್ಲಿ ಸ್ವಲ್ಪ ಜೀವ ಇದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಮೊದಲು ಅದನ್ನು ತೆಗೆಸಿಬಿಡಿ.

ಸರ್ವರ್ ಇನ್‌ಸ್ಟಾಲ್ ಮಾಡುವುದನ್ನು ತೋರಿಸುವ ವಿಡಿಯೊಗಳು ಬೇಕಾದಷ್ಟಿವೆ. ಲಾಗಿನ್ ಪರದೆ ಬಂದ ಕೂಡಲೇ ಅವು ಹೆಚ್ಚಾಗಿ ಮುಗಿದುಹೋಗುತ್ತವೆ. ಅಸಲಿ ಕೆಲಸ ಶುರುವಾಗುವುದೇ ಅಲ್ಲಿಂದ. ಅದರಲ್ಲೂ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಬಹಳ ಮುಖ್ಯ. ಕ್ರಮ ತಪ್ಪಿದರೆ ಬೀಗದಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಬಂದ ಹಾಗಾಗುತ್ತದೆ.

ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಯಾವ ಉಬುಂಟು?

ಸರ್ವರ್‌ಗೆ ಡೆಬಿಯನ್, ರಾಕಿ, ಅಲ್ಮಾ ಹೀಗೆ ಹಲವು ಲಿನಕ್ಸ್‌ಗಳಿವೆ, ಅಂದರೆ ವಿಂಡೋಸ್ ಬದಲು ಹಾಕುವ ಆಪರೇಟಿಂಗ್ ಸಿಸ್ಟಮ್‌ಗಳು. ಹೊಸಬರಿಗೆ ನಾನು ಹೇಳುವುದು ಉಬುಂಟು ಸರ್ವರ್. ತೊಂದರೆ ಬಂದಾಗ ಹುಡುಕಿದರೆ ಉತ್ತರ ಬೇಗ ಸಿಗುತ್ತದೆ. ಇಲ್ಲಿ ಬಳಸಿರುವುದು 24.04 ಎಲ್‌ಟಿಎಸ್, ಅಂದರೆ ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ. 24 ಅಂದರೆ 2024, 04 ಅಂದರೆ ಏಪ್ರಿಲ್. ಎಲ್‌ಟಿಎಸ್ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅದಕ್ಕೆ ಐದು ವರ್ಷ ಭದ್ರತಾ ಅಪ್‌ಡೇಟ್ ಉಚಿತ. ನಡುವೆ ಬರುವ ಆವೃತ್ತಿಗಳಿಗೆ ಒಂಬತ್ತೇ ತಿಂಗಳ ಆಯಸ್ಸು. ಅವನ್ನು ಸರ್ವರ್‌ಗೆ ಹಾಕಬೇಡಿ.

ಉಬುಂಟು ತಾಣದಿಂದ ಸರ್ವರ್ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ರೂಫಸ್ ಅಥವಾ ಬಲೀನಾ ಎಚರ್ ಅನ್ನುವ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಲ್ಯಾಪ್‌ಟಾಪ್ 64 ಬಿಟ್‌ನದ್ದಾಗಿರಬೇಕು, 4 ಜಿಬಿ ರ‍್ಯಾಮ್ ಇದ್ದರೆ ಆರಾಮ. ರೂಟರ್‌ನಿಂದ ವೈರ್ ಎಳೆದು ಜೋಡಿಸಿ. ಸರ್ವರ್‌ಗೆ ವೈಫೈ ನಂಬಬೇಡಿ. ಹಳೆಯ ಫೈಲ್‌ಗಳೆಲ್ಲ ಅಳಿಸಿಹೋಗುತ್ತವೆ, ಬೇಕಾದ್ದನ್ನು ಮೊದಲೇ ತೆಗೆದಿಡಿ.

ಇನ್‌ಸ್ಟಾಲರ್‌ನಲ್ಲಿ ಮೌಸ್ ಕೆಲಸ ಮಾಡುವುದಿಲ್ಲ. ಬಾಣದ ಕೀ, ಸ್ಪೇಸ್, ಎಂಟರ್, ಇಷ್ಟರಲ್ಲೇ ಎಲ್ಲ. ಹೆಚ್ಚಿನ ಕಡೆ ಸುಮ್ನೆ ಎಂಟರ್ ಒತ್ತುತ್ತಾ ಹೋದರೂ ನಡೆಯುತ್ತದೆ. ಎರಡು ಕಡೆ ಮಾತ್ರ ನಿಲ್ಲಬೇಕು.

ಮೊದಲನೆಯದು ಡಿಸ್ಕ್. ‘ಇಡೀ ಡಿಸ್ಕ್ ಬಳಸು’ ಅಂತ ನೀವು ಹೇಳಿದ್ದರೂ ಉಬುಂಟು ಎಲ್ಲವನ್ನೂ ಬಳಸದೆ ಇರಬಹುದು. 120 ಜಿಬಿ ಡಿಸ್ಕ್ ಇದ್ದರೆ ಸುಮಾರು ಅರ್ಧವನ್ನು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಮುಂದಕ್ಕೆ ಬೇಕಾದೀತು ಅಂತ ಖಾಲಿ ಬಿಡುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಆರು ತಿಂಗಳಾದ ಮೇಲೆ ‘ಜಾಗ ತುಂಬಿತು’ ಅಂತ ಹೊಸ ಡಿಸ್ಕ್ ತರುತ್ತಾರೆ. ಸಾರಾಂಶ ತೋರಿಸುವ ಪರದೆಯಲ್ಲಿ ‘ಉಬುಂಟು-ಎಲ್‌ವಿ’ ಅನ್ನುವ ಸಾಲಿಗೆ ಹೋಗಿ ಎಂಟರ್ ಒತ್ತಿ. ‘ಎಡಿಟ್’ ಆರಿಸಿ, ಅಲ್ಲೇ ತೋರಿಸುವ ಗರಿಷ್ಠ ಅಳತೆ ಬರೆದು ಸೇವ್ ಮಾಡಿ.

ಎರಡನೆಯದು, ‘ಇನ್‌ಸ್ಟಾಲ್ ಓಪನ್ ಎಸ್‌ಎಸ್‌ಎಚ್ ಸರ್ವರ್’. ಸ್ಪೇಸ್ ಒತ್ತಿ ಅದಕ್ಕೆ ಗುರುತು ಹಾಕಿ. ಬೇರೆ ಕಂಪ್ಯೂಟರ್‌ನಿಂದ ಸರ್ವರ್ ಒಳಗೆ ಹೋಗುವ ಬಾಗಿಲು ಇದೇ. ಇದಾದ ಮೇಲೆ ಬರುವ ತಂತ್ರಾಂಶಗಳ ಉದ್ದದ ಪಟ್ಟಿಯಲ್ಲಿ ಏನನ್ನೂ ಮುಟ್ಟಬೇಡಿ. ಬೇಕಾದಾಗ ಹಾಕಿಕೊಂಡರಾಯಿತು.

ಒಳಗೆ ಬಂದಾಯಿತು

ಮೊದಲ ಲಾಗಿನ್‌ನಲ್ಲಿ ಕಪ್ಪು ಪರದೆ, ಮಿಣುಕುವ ಗೆರೆ. ಇಷ್ಟೇನಾ ಅನ್ನಿಸಬಹುದು. ಹೌದು, ಇಷ್ಟೇ. ಉಬುಂಟುವಿನಲ್ಲಿ ರೂಟ್, ಅಂದರೆ ಸರ್ವಾಧಿಕಾರದ ಖಾತೆಗೆ ನೇರ ಲಾಗಿನ್ ಇರುವುದಿಲ್ಲ. ನೀವು ನಿಮ್ಮ ಹೆಸರಲ್ಲೇ ಇರುತ್ತೀರಿ. ದೊಡ್ಡ ಕೆಲಸಕ್ಕೆ ಮಾತ್ರ ಆಜ್ಞೆಯ ಮುಂದೆ ‘ಸುಡೋ’ ಸೇರಿಸುತ್ತೀರಿ. ಆಗ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯಲ್ಲಿ ಚುಕ್ಕಿ ಕೂಡ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಗಾಬರಿ ಬೇಡ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.

ಮೊದಲ ಆಜ್ಞೆ ‘ಸುಡೋ ಆಪ್ಟ್ ಅಪ್‌ಡೇಟ್’. ಅದು ಮುಗಿದ ಮೇಲೆ ‘ಸುಡೋ ಆಪ್ಟ್ ಅಪ್‌ಗ್ರೇಡ್’. ಮೊದಲನೆಯದು ಅಂಗಡಿಯಿಂದ ಹೊಸ ಪಟ್ಟಿ ತರುತ್ತದೆ, ಎರಡನೆಯದು ಸಾಮಾನು ತರುತ್ತದೆ. ಪಟ್ಟಿ ತರದೆ ಸಾಮಾನು ತರಲು ಹೋದರೆ ಹಳೆಯದೇ ಸಿಗುತ್ತದೆ. ಮುಂದೆ ಭದ್ರತಾ ಅಪ್‌ಡೇಟ್‌ಗಳನ್ನು ಉಬುಂಟು ತಾನಾಗಿಯೇ ಹಾಕಿಕೊಳ್ಳುತ್ತದೆ. ಆದರೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಲಾಗಿನ್ ಆದಾಗ ‘ಸಿಸ್ಟಮ್ ರೀಸ್ಟಾರ್ಟ್ ರಿಕ್ವೈರ್ಡ್’ ಅಂತ ಕಂಡರೆ, ಬಿಡುವು ನೋಡಿ ‘ಸುಡೋ ರೀಬೂಟ್’ ಕೊಡಿ.

ಆಮೇಲೆ ಗಡಿಯಾರ. ಸರ್ವರ್ ಶುರುವಿಗೆ ಯುಟಿಸಿ ಸಮಯದಲ್ಲಿ ಇರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ 2 ಗಂಟೆಗೆ ಏನೋ ಕೆಟ್ಟರೆ ಲಾಗ್‌ನಲ್ಲಿ, ಅಂದರೆ ಸರ್ವರ್ ಬರೆದಿಡುವ ದಿನಚರಿಯಲ್ಲಿ, ಅದು ಹಿಂದಿನ ದಿನದ ರಾತ್ರಿ 8.30 ಅಂತ ಬರೆದಿರುತ್ತದೆ. ತೊಂದರೆ ಹುಡುಕುವಾಗ ಈ ಲೆಕ್ಕ ತಲೆ ತಿನ್ನುತ್ತದೆ. ‘ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ’ ಅಂತ ಕೊಡಿ. ಏಷ್ಯಾದ ‘ಎ’, ಕೋಲ್ಕತಾದ ‘ಕೆ’ ಎರಡೂ ದೊಡ್ಡಕ್ಷರ.

ಲ್ಯಾಪ್‌ಟಾಪ್ ಆದ್ದರಿಂದ ಇನ್ನೊಂದು ಕೆಲಸ ಇದೆ. ಮುಚ್ಚಳ ಹಾಕಿದರೆ ಅದು ನಿದ್ದೆಗೆ ಹೋಗುತ್ತದೆ. ‘ಸುಡೋ ನ್ಯಾನೊ /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್’ ಅಂತ ಆ ಫೈಲ್ ತೆರೆಯಿರಿ. ‘ಲಾಗಿನ್‌ಡಿ’ ಅಂದರೆ ‘ಲಾಗಿನ್’ ಆದ ಮೇಲೆ ಒಂದು ‘ಡಿ’, ಅಷ್ಟೇ. ಒಳಗೆ ‘ಹ್ಯಾಂಡಲ್‌ಲಿಡ್‌ಸ್ವಿಚ್’ ಅಂತ ಶುರುವಾಗುವ ಸಾಲಿನ ಮುಂದಿನ ಹ್ಯಾಶ್ ಗುರುತು ಅಳಿಸಿ, ‘ಸಸ್ಪೆಂಡ್’ ಇದ್ದ ಕಡೆ ‘ಇಗ್ನೋರ್’ ಅಂತ ಬರೆಯಿರಿ. ಕಂಟ್ರೋಲ್-ಒ, ಎಂಟರ್ ಒತ್ತಿದರೆ ಸೇವ್. ಕಂಟ್ರೋಲ್-ಎಕ್ಸ್ ಒತ್ತಿದರೆ ಹೊರಗೆ. ರೀಬೂಟ್ ಮಾಡಿ, ಮುಚ್ಚಳ ಹಾಕಿ ನೋಡಿ.

ಬದಲಾಗದ ವಿಳಾಸ

‘ಐಪಿ ಎ’ ಅಂತ ಕೊಟ್ಟರೆ ಹೆಚ್ಚಾಗಿ 192.168 ಅಂತ ಶುರುವಾಗುವ ಒಂದು ಸಂಖ್ಯೆ ಕಾಣುತ್ತದೆ. ಅದೇ ಮನೆಯೊಳಗೆ ಸರ್ವರ್‌ನ ವಿಳಾಸ. ಆದರೆ ಇದನ್ನು ಕೊಟ್ಟಿದ್ದು ರೂಟರ್. ಅದು ನಾಳೆ ಬೇರೆ ಸಂಖ್ಯೆ ಕೊಡಬಹುದು. ಸರ್ವರ್‌ನ ವಿಳಾಸ ದಿನಕ್ಕೊಂದು ಆದರೆ ಹುಡುಕುವವರು ಯಾರು?

ಇದಕ್ಕೆ ಸರ್ವರ್‌ನ ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್ ಅನ್ನುವ ಫೈಲ್ ತಿದ್ದಿ ಅಂತ ಹಲವರು ಹೇಳುತ್ತಾರೆ. ಅದು ಸರಿಯೇ. ಆದರೆ ಒಂದು ಸ್ಪೇಸ್ ಆಚೀಚೆ ಆದರೂ ಆ ಫೈಲ್ ಒಪ್ಪುವುದಿಲ್ಲ. ಮನೆಯಲ್ಲಾದರೆ ರೂಟರ್‌ಗೇ ಹೇಳುವುದು ಸುಲಭ. ಅದರ ಸೆಟ್ಟಿಂಗ್ಸ್ ಪುಟದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತಲೋ ಅದಕ್ಕೆ ಹತ್ತಿರದ ಹೆಸರಲ್ಲೋ ಒಂದು ಜಾಗ ಇರುತ್ತದೆ. ‘ಐಪಿ ಎ’ಯಲ್ಲಿ ‘ಲಿಂಕ್/ಈಥರ್’ ಮುಂದೆ ಕಾಣುವ, ಎರಡೆರಡು ಅಕ್ಷರದ ಆರು ಜೋಡಿಯನ್ನು ಅಲ್ಲಿ ಬರೆದು ಒಂದು ವಿಳಾಸವನ್ನು ಕಾಯಂ ಮಾಡಿ. ನೆಟ್‌ಪ್ಲಾನ್ ತಿದ್ದಲೇಬೇಕಾದರೆ ‘ಸುಡೋ ನೆಟ್‌ಪ್ಲಾನ್ ಟ್ರೈ’ ಬಳಸಿ. 120 ಸೆಕೆಂಡಿನಲ್ಲಿ ನೀವು ಎಂಟರ್ ಒತ್ತದಿದ್ದರೆ ಅದು ಹಳೆಯ ಸ್ಥಿತಿಗೆ ಮರಳುತ್ತದೆ.

ಮೊದಲು ಕೀ, ಆಮೇಲೆ ಬೀಗ

ಇನ್ನು ಮುಂದೆ ಸರ್ವರ್ ಮುಂದೆ ಕೂರುವುದು ಬೇಡ. ನಿಮ್ಮ ದಿನಬಳಕೆಯ ಕಂಪ್ಯೂಟರ್‌ನಲ್ಲಿ ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ವಿಂಡೋ ತೆರೆದು ‘ಎಸ್‌ಎಸ್‌ಎಚ್’, ನಿಮ್ಮ ಬಳಕೆದಾರ ಹೆಸರು, ಅಟ್ ಗುರುತು, ಸರ್ವರ್ ವಿಳಾಸ ಬರೆಯಿರಿ. ವಿಂಡೋಸ್ 10, 11ರಲ್ಲೂ ಇದು ಕೆಲಸ ಮಾಡುತ್ತದೆ. ಮೊದಲ ಸಲ ‘ಇದನ್ನು ನಂಬಬಹುದೇ?’ ಅಂತ ಕೇಳುತ್ತದೆ. ‘ಯೆಸ್’ ಅಂತ ಪೂರ್ತಿ ಬರೆಯಿರಿ.

ಪಾಸ್‌ವರ್ಡ್ ಸಾಲದೇ? ಮನೆಯೊಳಗೆ ಮಾತ್ರ ಇದ್ದರೆ ಸದ್ಯಕ್ಕೆ ಸಾಕು. ಆದರೆ ಇಂಟರ್‌ನೆಟ್‌ಗೆ ನೇರವಾಗಿ ತೆರೆದ ಯಾವುದೇ ಸರ್ವರ್‌ನಲ್ಲಿ ‘/ವಾರ್/ಲಾಗ್/ಆತ್.ಲಾಗ್’ ಫೈಲ್ ತೆರೆದು ನೋಡಿ. ‘ಫೇಲ್ಡ್ ಪಾಸ್‌ವರ್ಡ್ ಫಾರ್ ರೂಟ್’ ಅನ್ನುವ ಸಾಲುಗಳು ಒಂದರ ಕೆಳಗೊಂದು. ರೂಟ್, ಅಡ್ಮಿನ್, ಉಬುಂಟು, ಟೆಸ್ಟ್ ಅಂತ ಹೆಸರು ಬದಲಿಸುತ್ತಾ ಯಾವುದೋ ಯಂತ್ರಗಳು ಹಗಲೂ ರಾತ್ರಿ ಬಾಗಿಲು ಬಡಿಯುತ್ತಿರುತ್ತವೆ. ಅವುಗಳಿಗೆ ನೀವು ಯಾರು ಅಂತ ಗೊತ್ತಿಲ್ಲ. ಸಿಕ್ಕ ಬಾಗಿಲನ್ನೆಲ್ಲ ಬಡಿಯುವುದೇ ಅವುಗಳ ಕೆಲಸ. ಪಾಸ್‌ವರ್ಡ್ ಬದಲು ಕೀ ಅನ್ನುವ ಫೈಲ್ ಬಳಸಿದರೆ ಊಹಿಸಲು ಪಾಸ್‌ವರ್ಡೇ ಇರುವುದಿಲ್ಲ.

ನಿಮ್ಮ ಕಂಪ್ಯೂಟರ್‌ನಲ್ಲೇ, ಸರ್ವರ್‌ನಲ್ಲಿ ಅಲ್ಲ, ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519’ ಕೊಡಿ. ಎರಡು ಫೈಲ್ ಹುಟ್ಟುತ್ತವೆ. ‘.ಪಬ್’ ಅಂತ ಕೊನೆಯಾಗುವುದು ಸರ್ವರ್‌ಗೆ ಹೋಗುವ ಬೀಗ, ಇನ್ನೊಂದು ನಿಮ್ಮ ಬೀಗದಕೈ. ಬೀಗದಕೈಯನ್ನು ಯಾರಿಗೂ ಕಳಿಸಬೇಡಿ. ಲಿನಕ್ಸ್ ಅಥವಾ ಮ್ಯಾಕ್ ಆದರೆ ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಆಜ್ಞೆ ಬೀಗವನ್ನು ತಾನೇ ಒಯ್ದು ಇಡುತ್ತದೆ. ವಿಂಡೋಸ್‌ನಲ್ಲಿ ಈ ಆಜ್ಞೆ ಇಲ್ಲ. ‘.ಪಬ್’ ಫೈಲ್‌ನಲ್ಲಿರುವ ಒಂದೇ ಉದ್ದದ ಸಾಲನ್ನು ಕಾಪಿ ಮಾಡಿ, ಸರ್ವರ್‌ನಲ್ಲಿ ನಿಮ್ಮ ಹೋಮ್ ಫೋಲ್ಡರ್‌ನ ‘.ಎಸ್‌ಎಸ್‌ಎಚ್/ಆಥರೈಸ್ಡ್_ಕೀಸ್’ ಫೈಲ್‌ಗೆ ಅಂಟಿಸಿ.

ಈಗ ಹೊಸ ಟರ್ಮಿನಲ್ ತೆರೆದು ಲಾಗಿನ್ ಆಗಿ. ಸರ್ವರ್‌ನ ಪಾಸ್‌ವರ್ಡ್ ಕೇಳದೆ ಒಳಗೆ ಬಿಟ್ಟರೆ ಮಾತ್ರ ಮುಂದಕ್ಕೆ. ಇಲ್ಲದಿದ್ದರೆ ಇಲ್ಲೇ ನಿಲ್ಲಿ.

ಪಾಸ್‌ವರ್ಡ್ ಬಾಗಿಲು ಮುಚ್ಚುವ ಕಡೆ ಒಂದು ಗುಟ್ಟಿದೆ. ‘/ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ ತೆರೆದು ‘ಪಾಸ್‌ವರ್ಡ್‌ಆಥೆಂಟಿಕೇಶನ್ ನೋ’ ಅಂತ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಬರೆದರೂ ಪಾಸ್‌ವರ್ಡ್ ನಡೆಯುತ್ತಲೇ ಇರಬಹುದು. ಕಾರಣ, ಪಕ್ಕದ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರ್‌ನಲ್ಲಿ ‘50-ಕ್ಲೌಡ್-ಇನಿಟ್.ಕಾನ್ಫ್’ ಅನ್ನುವ ಫೈಲ್ ‘ಯೆಸ್’ ಅಂತ ಹೇಳಿ ಕೂತಿರುತ್ತದೆ. ಎಸ್‌ಎಸ್‌ಎಚ್ ಮೊದಲು ಸಿಕ್ಕಿದ ಮಾತನ್ನೇ ಹಿಡಿಯುತ್ತದೆ, ಆಮೇಲೆ ಬಂದದ್ದನ್ನು ಬಿಡುತ್ತದೆ. ಹಾಗಾಗಿ ಅದೇ ಫೋಲ್ಡರ್‌ನಲ್ಲಿ ‘10-ಬೀಗ.ಕಾನ್ಫ್’ ಅಂತ ನಮ್ಮದೇ ಫೈಲ್ ಮಾಡೋಣ. 50ಕ್ಕಿಂತ 10 ಮೊದಲು ಓದಲ್ಪಡುತ್ತದೆ. ಅದರಲ್ಲಿ ಎರಡೇ ಸಾಲು: ‘ಪಾಸ್‌ವರ್ಡ್‌ಆಥೆಂಟಿಕೇಶನ್ ನೋ’, ‘ಪರ್ಮಿಟ್‌ರೂಟ್‌ಲಾಗಿನ್ ನೋ’. ಆಮೇಲೆ ‘ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಎಸ್‌ಎಸ್‌ಎಚ್’. ಬದಲಾಯಿತಾ ಅಂತ ನೋಡಲು ‘ಸುಡೋ ಎಸ್‌ಎಸ್‌ಎಚ್‌ಡಿ -ಟಿ’ ಕೊಡಿ, ಇಲ್ಲಿ ‘ಟಿ’ ದೊಡ್ಡಕ್ಷರ. ಈಗ ನಿಜವಾಗಿ ಜಾರಿಯಲ್ಲಿರುವ ನಿಯಮಗಳೆಲ್ಲ ಸುರಿಯುತ್ತವೆ. ಅದರಲ್ಲಿ ಪಾಸ್‌ವರ್ಡ್ ಸಾಲಿನ ಮುಂದೆ ‘ನೋ’ ಇರಬೇಕು.

ಕೊನೆಗೆ ಕಾವಲುಗಾರ

ಯಾರನ್ನು ಒಳಗೆ ಬಿಡಬೇಕು ಅಂತ ನೋಡಿಕೊಳ್ಳುವ ಫೈರ್‌ವಾಲ್ ಉಬುಂಟುವಿನಲ್ಲೇ ಇದೆ, ಹೆಸರು ಯುಎಫ್‌ಡಬ್ಲ್ಯು. ಆದರೆ ಮಲಗಿರುತ್ತದೆ. ಎಬ್ಬಿಸುವ ಮೊದಲು ‘ಸುಡೋ ಯುಎಫ್‌ಡಬ್ಲ್ಯು ಅಲೌ ಎಸ್‌ಎಸ್‌ಎಚ್’. ಆಮೇಲೆ ‘ಸುಡೋ ಯುಎಫ್‌ಡಬ್ಲ್ಯು ಎನೇಬಲ್’.

ಈ ಎರಡನ್ನು ನಾನು ಒಮ್ಮೆ ತಿರುಗುಮುರುಗು ಮಾಡಿದ್ದೆ. ಅದು ಬಾಡಿಗೆಗೆ ಪಡೆದ ಸರ್ವರ್, ಎಲ್ಲೋ ದೂರದಲ್ಲಿತ್ತು. ಎನೇಬಲ್ ಕೊಟ್ಟಾಗ ‘ಈಗಿನ ಎಸ್‌ಎಸ್‌ಎಚ್ ಸಂಪರ್ಕ ಕಡಿದುಹೋಗಬಹುದು, ಮುಂದುವರಿಯಲೇ?’ ಅಂತ ಅದು ಕೇಳಿತ್ತು. ‘ವೈ’ ಒತ್ತಿದೆ. ಆ ವಿಂಡೋ ಕೆಲಸ ಮಾಡುತ್ತಲೇ ಇತ್ತು, ಹಾಗಾಗಿ ಅನುಮಾನ ಬರಲಿಲ್ಲ. ಮುಚ್ಚಿ ಊಟಕ್ಕೆ ಹೋದೆ. ಬಂದ ಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಒಳಗೆ ಬಿಡಲಿಲ್ಲ. ಎರಡು ದಿನದ ಕೆಲಸ ಅದರಲ್ಲಿತ್ತು. ಎಲ್ಲ ಅಳಿಸಿ ಮೊದಲಿಂದ ಹಾಕಬೇಕಾಯಿತು. ಅವತ್ತಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ: ಬಾಗಿಲಿಗೆ ಸಂಬಂಧಪಟ್ಟ ಏನನ್ನು ಮುಟ್ಟಿದರೂ ಹಳೇ ವಿಂಡೋ ಮುಚ್ಚುವುದಿಲ್ಲ. ಎರಡನೇ ವಿಂಡೋದಲ್ಲಿ ಲಾಗಿನ್ ಆಗಿ ನೋಡಿದ ಮೇಲೆಯೇ ಮೊದಲನೆಯದನ್ನು ಬಿಡುತ್ತೇನೆ. ನೀವೂ ಹಾಗೇ ಮಾಡಿ.

ಯಾವ ಯಾವ ಬಾಗಿಲು ತೆರೆದಿದೆ ಅಂತ ನೋಡಲು ‘ಸುಡೋ ಎಸ್‌ಎಸ್ -ಟಿಯುಎಲ್‌ಪಿಎನ್’. ಪ್ರತಿ ಬಾಗಿಲಿಗೂ ಒಂದು ಸಂಖ್ಯೆ ಇರುತ್ತದೆ. ಹೊಸ ಸರ್ವರ್‌ನಲ್ಲಿ 22 ಕಾಣಬೇಕು, ಅದು ಎಸ್‌ಎಸ್‌ಎಚ್. 127.0.0.53ರ ಮುಂದೆ 53 ಇರುತ್ತದೆ, ಅದು ಹೆಸರು ಹುಡುಕುವ ಒಳಗಿನ ಸೇವೆ, ಹೊರಗಿನವರಿಗೆ ಸಿಗುವುದಿಲ್ಲ. 68 ಕಂಡರೆ ಅದು ರೂಟರ್‌ನಿಂದ ವಿಳಾಸ ಪಡೆಯುವುದಕ್ಕೆ. ಇವತ್ತಿನ ಈ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಏನಾದರೂ ಹಾಕಿದಾಗ ಹೊಸದು ಯಾವುದು ಸೇರಿತು ಅಂತ ತಕ್ಷಣ ಗೊತ್ತಾಗುತ್ತದೆ.

ಕನ್ನಡದಲ್ಲಿ ಫೈಲ್ ಹೆಸರು ಇಡುವ ಆಸೆ ಇದ್ದರೆ ಧಾರಾಳವಾಗಿ ಇಡಿ. ‘ಅಜ್ಜಿಯ ಫೋಟೊಗಳು’ ಅನ್ನುವ ಫೋಲ್ಡರ್ ಯಾವ ತಕರಾರೂ ಇಲ್ಲದೆ ಕೂರುತ್ತದೆ. ಸರ್ವರ್‌ನದೇ ಕಪ್ಪು ಪರದೆಯಲ್ಲಿ ಮಾತ್ರ ಕನ್ನಡ ಅಕ್ಷರ ಮೂಡುವುದಿಲ್ಲ, ಚೌಕವೋ ಚುಕ್ಕಿಯೋ ಕಾಣುತ್ತದೆ. ಹೆಸರು ಹಾಳಾಗಿಲ್ಲ, ಆ ಪರದೆಗೆ ನಮ್ಮ ಲಿಪಿ ಬರೆಯಲು ಬರುವುದಿಲ್ಲ ಅಷ್ಟೇ. ಮೇಲೆ ಹೇಳಿದ ‘ಬೀಗ’ದ ಫೈಲ್ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ತುರ್ತು ಬಂದು ಸರ್ವರ್ ಮುಂದೆಯೇ ಕೂತಾಗ ಅದನ್ನು ಓದಲು ಆಗಬೇಕಲ್ಲ.

ಈಗ ಒಮ್ಮೆ ‘ಸುಡೋ ರೀಬೂಟ್’ ಕೊಟ್ಟು, ಲ್ಯಾಪ್‌ಟಾಪ್‌ನ ಮುಚ್ಚಳ ಹಾಕಿ, ಗಾಳಿಯಾಡುವ ಕಡೆ ಇಡಿ. ಎರಡು ನಿಮಿಷ ಬಿಟ್ಟು ಇನ್ನೊಂದು ಕೋಣೆಯಿಂದ ಲಾಗಿನ್ ಆಗಿ. ಅದೇ ವಿಳಾಸ, ಸರಿಯಾದ ಸಮಯ, ಪಾಸ್‌ವರ್ಡ್ ಕೇಳದ ಬಾಗಿಲು, ‘ಸುಡೋ ಯುಎಫ್‌ಡಬ್ಲ್ಯು ಸ್ಟೇಟಸ್’ಗೆ ‘ಆಕ್ಟಿವ್’ ಅನ್ನುವ ಉತ್ತರ. ಈ ನಾಲ್ಕೂ ಸಿಕ್ಕಿದರೆ ಇನ್ನು ಫೋಟೊಗಳನ್ನು ತಂದು ಹಾಕಬಹುದು.